ನೂರರವರೆಗೆ ಎಣಿಸುವ ಮಗು ಐದು ಗುಂಡಿ ಕೊಡಲು ತಡವರಿಸುವುದೇಕೆ?

ಪ್ರಶ್ನೆ: ನನ್ನ ಮಗಳಿಗೆ ನಾಲ್ಕು ವರ್ಷ ತುಂಬಿ ಒಂದು ತಿಂಗಳಾಯಿತು. ಒಂದರಿಂದ ನೂರರವರೆಗೆ ಒಂದೇ ಉಸಿರಿನಲ್ಲಿ ಹೇಳುತ್ತಾಳೆ. ಮನೆಗೆ ಬಂದವರ ಮುಂದೆ ಹೇಳಿಸಿ ನಾವೂ ಹೆಮ್ಮೆ ಪಡುತ್ತಿದ್ದೆವು. ಮೊನ್ನೆ ಹೊಲಿಗೆ ಡಬ್ಬಿ ಮುಂದಿಟ್ಟುಕೊಂಡು ‘ಐದು ಗುಂಡಿ ತೆಗೆದುಕೊಡು ಪುಟ್ಟಿ’ ಎಂದೆ. ಒಂದು ಹಿಡಿ ಬಾಚಿ ಕೊಟ್ಟಳು. ನೋಡಿದರೆ ಒಂಬತ್ತಿದ್ದವು. ‘ಇದು ಐದಾ?’ ಎಂದು ಕೇಳಿದರೆ ‘ಹೂಂ’ ಅಂದಳು. ಮೂರು ಕೇಳಿದರೆ ಸರಿಯಾಗಿ ಕೊಡುತ್ತಾಳೆ. ಶಾಲೆಯಲ್ಲಿ ಬೆರಳು ಮಡಿಸಿ ಎಣಿಸಬಾರದು ಎಂದಿದ್ದಾರಂತೆ. ಪರಿಚಯದವರೊಬ್ಬರು ಜ್ಞಾಪಕಶಕ್ತಿ, ಏಕಾಗ್ರತೆ ಹೆಚ್ಚಿಸುವ ಆಪ್ ಹಾಕಿಕೊಡಿ ಎನ್ನುತ್ತಾರೆ. ನಾನು ಚಿಕ್ಕವಳಿದ್ದಾಗ ಲೆಕ್ಕದ ಪೀರಿಯಡ್ ಎಂದರೆ ಹೊಟ್ಟೆನೋವು ಬರುತ್ತಿತ್ತು. ಅದೇ ಇವಳಿಗೂ ಬಂದಿದೆಯೇ? ಲೆಕ್ಕ ಕಲಿಯಲು ಮಗುವಿನ ತಲೆಯಲ್ಲಿ ಯಾವ ಯಾವ ಸಾಮರ್ಥ್ಯಗಳು ಇರಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಸಾಲು ‘ಮೂರು ಕೇಳಿದರೆ ಸರಿಯಾಗಿ ಕೊಡುತ್ತಾಳೆ’ ಎಂಬುದು. ಮಗಳು ಎಲ್ಲಿದ್ದಾಳೆ ಎಂಬುದನ್ನು ಅದು ನೂರರವರೆಗಿನ ಎಣಿಕೆಗಿಂತ ಚೆನ್ನಾಗಿ ಹೇಳುತ್ತದೆ. ಸಂಖ್ಯೆಯನ್ನು ತಮ್ಮದಾಗಿಸಿಕೊಳ್ಳುವ ದಾರಿಯಲ್ಲಿ ಮಕ್ಕಳು ಹತ್ತಿ ಹೋಗುವ ಮೆಟ್ಟಿಲುಗಳಿವೆ. ಅವಳು ಅಂಥದ್ದೊಂದರ ಮೇಲೆ ನಿಂತಿದ್ದಾಳೆ.

ನೀವು ಗೊತ್ತಿಲ್ಲದೆಯೇ ಮಾಡಿದ್ದು ಮಕ್ಕಳ ಮನಶ್ಶಾಸ್ತ್ರದಲ್ಲಿ ಹೆಸರಾದ ಒಂದು ಪರೀಕ್ಷೆ. ಕ್ಯಾರನ್ ವಿನ್ ಎಂಬ ಮನೋವಿಜ್ಞಾನಿ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪುಟ್ಟ ಮಕ್ಕಳ ಮುಂದೆ ಆಟಿಕೆಗಳ ರಾಶಿಯಿಟ್ಟು ‘ಎರಡು ಕೊಡು’, ‘ಐದು ಕೊಡು’ ಎಂದು ಕೇಳಿದರು. ಅಂದಿನಿಂದ ಇಂದಿನವರೆಗೆ ಬೇರೆ ಬೇರೆ ಭಾಷೆಗಳ ಮಕ್ಕಳಲ್ಲಿ ಕಂಡಿರುವುದು ಹೆಚ್ಚುಕಡಿಮೆ ಒಂದೇ ಕ್ರಮ. ಎರಡೂವರೆ, ಮೂರು ವರ್ಷದ ಮಗುವಿಗೆ ಮೊದಲು ‘ಒಂದು’ ಮಾತ್ರ ಅರ್ಥವಾಗುತ್ತದೆ. ಒಂದು ಕೇಳಿದರೆ ಒಂದನ್ನೇ ಕೊಡುತ್ತದೆ, ಮಿಕ್ಕ ಯಾವ ಸಂಖ್ಯೆ ಕೇಳಿದರೂ ಒಂದು ಹಿಡಿ. ಕೆಲವು ತಿಂಗಳು ಕಳೆದ ಮೇಲೆ ‘ಎರಡು’ ಒಲಿಯುತ್ತದೆ, ಆಮೇಲೆ ‘ಮೂರು’, ಕೆಲವರಿಗೆ ‘ನಾಲ್ಕು’ ಕೂಡ. ಈ ಒಂದೊಂದು ಮೆಟ್ಟಿಲಿಗೂ ತಿಂಗಳುಗಟ್ಟಲೆ ಹಿಡಿಯುತ್ತದೆ. ಅದಾದ ಮೇಲೆ ನಡೆಯುವುದು ನನಗೆ ಇಂದಿಗೂ ಬೆರಗು: ಐದು, ಆರು, ಏಳು ಎಂದು ಒಂದೊಂದಾಗಿ ಕಲಿಯುವ ಗೊಡವೆಯೇ ಇಲ್ಲದೆ, ತಾನು ಎಣಿಸಬಲ್ಲ ಅಷ್ಟೂ ಸಂಖ್ಯೆಗಳಿಗೆ ಒಮ್ಮೆಲೇ ಅರ್ಥ ಬಂದುಬಿಡುತ್ತದೆ. ಎಣಿಸುತ್ತ ಹೋಗಿ ನಿಂತ ಕೊನೆಯ ಪದವೇ ಗುಂಪಿನ ಒಟ್ಟು ಎಂಬುದು ಮಗುವಿಗೆ ಹೊಳೆಯುತ್ತದೆ. ಹಲವು ಮಕ್ಕಳಿಗೆ ಇದು ಮೂರೂವರೆ, ನಾಲ್ಕರ ಹೊತ್ತಿಗೆ ಹೊಳೆದರೆ, ಇನ್ನು ಹಲವರಿಗೆ ನಾಲ್ಕೂವರೆ ದಾಟಬೇಕು. ನಿಮ್ಮ ಮಗಳು ‘ಮೂರು’ ಬಲ್ಲವಳು. ಮುಂದಿನ ಹೆಜ್ಜೆ ಹತ್ತಿರದಲ್ಲೇ ಇದೆ.

ಹಾಗಾದರೆ ನೂರರವರೆಗೆ ಹೇಳಿದ್ದೆಲ್ಲ ದಂಡವೇ? ಅಲ್ಲ. ಆದರೆ ಅದೇನು ಎಂಬುದು ನಮಗೆ ಸ್ಪಷ್ಟವಿರಬೇಕು. ಅದೊಂದು ಪದಗಳ ಸರ. ಪದ್ಯ ಬಾಯಿಪಾಠವಾದಂತೆ ಅದೂ ಆಗಿದೆ. ರೊಷೆಲ್ ಗೆಲ್ಮನ್ ಮತ್ತು ಸಿ.ಆರ್. ಗ್ಯಾಲಿಸ್ಟೆಲ್ ಎಂಬ ಮನೋವಿಜ್ಞಾನಿಗಳು 1978ರಲ್ಲಿ ಎಣಿಕೆಯ ಹಿಂದೆ ಐದು ತತ್ತ್ವಗಳಿವೆ ಎಂದು ತೋರಿಸಿಕೊಟ್ಟರು. ಪದಗಳು ಯಾವಾಗಲೂ ಒಂದೇ ಕ್ರಮದಲ್ಲಿ ಬರಬೇಕು. ಒಂದು ವಸ್ತುವಿಗೆ ಒಂದೇ ಪದ. ಕೊನೆಯ ಪದವೇ ಒಟ್ಟು. ಗುಂಡಿಯಾಗಲಿ, ಚಪ್ಪಾಳೆಯ ಸದ್ದಾಗಲಿ, ಏನನ್ನು ಬೇಕಾದರೂ ಎಣಿಸಬಹುದು. ಎಡದಿಂದ ಎಣಿಸಿದರೂ ಬಲದಿಂದ ಎಣಿಸಿದರೂ ಲೆಕ್ಕ ಬದಲಾಗದು. ನಿಮ್ಮ ಮಗಳ ಕೈಯಲ್ಲಿ ಮೊದಲನೆಯದು ಗಟ್ಟಿಯಾಗಿದೆ. ಮೂರನೆಯದು ಇನ್ನೂ ಬರಬೇಕು. ಇಲ್ಲಿ ಪೋಷಕರು ಸುಲಭವಾಗಿ ಮೋಸಹೋಗುತ್ತಾರೆ. ಮಗು ಆರು ಗುಂಡಿಗಳನ್ನು ಬೆರಳಿಟ್ಟು ಎಣಿಸುತ್ತದೆ, ‘ಎಷ್ಟಿವೆ?’ ಎಂದರೆ ‘ಆರು’ ಎನ್ನುತ್ತದೆ. ಬಂತು ಎಂದುಕೊಳ್ಳುತ್ತೇವೆ. ಎಣಿಸಿದ ಮೇಲೆ ಕೊನೆಯ ಪದವನ್ನು ಹೇಳಬೇಕು ಎಂಬ ರೂಢಿಯನ್ನಷ್ಟೇ ಅದು ಕಲಿತಿರಬಹುದು. ಅದಕ್ಕೇ ‘ಎಷ್ಟಿವೆ?’ಗಿಂತ ‘ಇಷ್ಟು ಕೊಡು’ ಎಂಬ ಕೇಳಿಕೆ ನಿಜವಾದ ಒರೆಗಲ್ಲು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ತಲೆಯೊಳಗೆ ಏನೇನಿರಬೇಕು ಎಂಬುದು.

ಎರಡು ಸಂಗತಿಗಳು ಮಾತು ಬರುವ ಮೊದಲೇ ಇರುತ್ತವೆ. ಒಂದು, ಅಂದಾಜು. ಫೇ ಷೂ ಮತ್ತು ಎಲಿಜಬೆತ್ ಸ್ಪೆಲ್ಕಿ 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆರು ತಿಂಗಳ ಕೂಸುಗಳು 8 ಚುಕ್ಕೆಗಳಿಗೂ 16 ಚುಕ್ಕೆಗಳಿಗೂ ವ್ಯತ್ಯಾಸ ಕಂಡವು, 8ಕ್ಕೂ 12ಕ್ಕೂ ಕಾಣಲಿಲ್ಲ. ಅಂದರೆ ಒಂದು ರಾಶಿ ಇನ್ನೊಂದರ ಎರಡರಷ್ಟಿದ್ದರೆ ಕೂಸಿಗೆ ತಿಳಿಯುತ್ತದೆ, ಒಂದೂವರೆಯಷ್ಟಿದ್ದರೆ ತಿಳಿಯದು. ವಯಸ್ಸಾದಂತೆ ಈ ಅಂದಾಜು ಸೂಕ್ಷ್ಮವಾಗುತ್ತ ಹೋಗುತ್ತದೆ. ಪ್ರಾಣಿ ಪಕ್ಷಿಗಳಲ್ಲೂ ಇಂಥದ್ದೊಂದು ಅರಿವಿದೆ. ಎರಡನೆಯದು, ಒಂದೋ ಎರಡೋ ಮೂರೋ ವಸ್ತುಗಳನ್ನು ಎಣಿಸದೆಯೇ ಒಂದೇ ನೋಟಕ್ಕೆ ಹಿಡಿಯುವ ಶಕ್ತಿ. ದಾಳ ಉರುಳಿ ಮೂರು ಬಿದ್ದಾಗ ನೀವು ಚುಕ್ಕೆ ಎಣಿಸುವುದಿಲ್ಲವಲ್ಲ, ಅದೇ ಇದು. ಐದು ತಿಂಗಳ ಕೂಸಿನ ಮುಂದೆ ಒಂದು ಗೊಂಬೆಯಿಟ್ಟು, ಅದನ್ನು ಪರದೆಯಿಂದ ಮರೆಮಾಡಿ, ಪರದೆಯ ಹಿಂದಕ್ಕೆ ಇನ್ನೊಂದು ಗೊಂಬೆ ಸೇರಿಸಿ, ಪರದೆ ಇಳಿಸಿದಾಗ ಒಂದೇ ಗೊಂಬೆ ಕಾಣುವಂತೆ ಮಾಡಿದರೆ, ಕೂಸು ಹೆಚ್ಚು ಹೊತ್ತು ದಿಟ್ಟಿಸುತ್ತದೆ. ಇದನ್ನು ತೋರಿಸಿದವರೂ ಕ್ಯಾರನ್ ವಿನ್ ಅವರೇ, 1992ರಲ್ಲಿ. ಒಂದಕ್ಕೆ ಒಂದು ಸೇರಿದರೆ ಒಂದೇ ಉಳಿಯಬಾರದು ಎಂಬ ನಿರೀಕ್ಷೆ ಆ ಎಳೆಯ ಕಣ್ಣಲ್ಲಿರುತ್ತದೆ.

ಹಾಗೆಂದ ಮಾತ್ರಕ್ಕೆ ಗಣಿತ ಹುಟ್ಟಿನಿಂದಲೇ ಬರುತ್ತದೆ ಎನ್ನುವಂತಿಲ್ಲ. ಈ ಎರಡರಲ್ಲಿ ಯಾವುದೂ ‘ಕರಾರುವಾಕ್ಕಾಗಿ ಏಳು’ ಎಂಬುದನ್ನು ಕೊಡಲಾರದು. ಒಂದು ಬರೀ ಅಂದಾಜು, ಇನ್ನೊಂದು ಮೂರು ನಾಲ್ಕಕ್ಕೇ ಮುಗಿಯುತ್ತದೆ. ಏಳಕ್ಕೂ ಎಂಟಕ್ಕೂ ಒಂದೇ ಒಂದರ ಅಂತರ ಎಂಬ ತಿಳಿವಳಿಕೆ ಬರಬೇಕಾದರೆ ಮಾತು ಬೇಕು. ಅಮೆಜಾನ್ ಕಾಡಿನ ಮುಂಡುರುಕು ಜನರ ಭಾಷೆಯಲ್ಲಿ ಐದರಾಚೆಗೆ ಸಂಖ್ಯಾಪದಗಳಿಲ್ಲ. 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೊಡ್ಡ ರಾಶಿಗಳನ್ನು ಅಂದಾಜಿನಿಂದ ಹೋಲಿಸುವುದರಲ್ಲಿ ಅವರು ಯಾರಿಗೂ ಕಡಿಮೆಯಿರಲಿಲ್ಲ. ಇಂತಿಷ್ಟರಲ್ಲಿ ಇಂತಿಷ್ಟು ಕಳೆದರೆ ನಿಖರವಾಗಿ ಎಷ್ಟು ಎಂಬಲ್ಲಿ ಮಾತ್ರ ತಪ್ಪುತ್ತಿದ್ದರು. ನಿಮ್ಮ ಮಗಳು ‘ಮೂರು’ ಕೊಡುವುದು ಸಲೀಸಾಗಿದ್ದು, ‘ಐದು’ ಕೇಳಿದಾಗ ಹಿಡಿ ತುಂಬ ಬಾಚುವುದು ಏಕೆ ಎಂಬುದಕ್ಕೆ ಉತ್ತರ ಬಹುಮಟ್ಟಿಗೆ ಇಲ್ಲೇ ಇದೆ. ಮೂರನ್ನು ಕಣ್ಣು ಹಿಡಿದುಕೊಡುತ್ತದೆ. ಐದನ್ನು ಪದಗಳ ಸರ ಹಿಡಿದುಕೊಡಬೇಕು. ಆ ಸರಕ್ಕೂ ರಾಶಿಗೂ ಇನ್ನೂ ಗಂಟು ಬಿದ್ದಿಲ್ಲ.

ಅಂದಾಜಿನ ಶಕ್ತಿ ಚುರುಕಾಗಿರುವ ಮಕ್ಕಳು ಲೆಕ್ಕದಲ್ಲೂ ಮುಂದಿರುತ್ತಾರೆ ಎಂಬ ಮಾತು 2008ರಿಂದೀಚೆಗೆ ಬಹಳ ಪ್ರಚಾರಕ್ಕೆ ಬಂತು. ಹದಿನಾಲ್ಕು ವರ್ಷದ 64 ಮಕ್ಕಳಲ್ಲಿ ಅಂಥ ಸಂಬಂಧ ಕಂಡಿದ್ದೂ ನಿಜ. ಆಮೇಲೆ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಆ ನಂಟು ಸಣ್ಣದು ಎಂದು ತಿಳಿಯಿತು. 6 ಮತ್ತು 8ರಲ್ಲಿ ಯಾವುದು ದೊಡ್ಡದು ಎಂದು ಅಂಕಿ ನೋಡಿಯೇ ಹೇಳುವ ಸಾಮರ್ಥ್ಯಕ್ಕೆ ಲೆಕ್ಕದೊಂದಿಗೆ ಇರುವ ನಂಟು ಅದಕ್ಕಿಂತ ಬಲವಾದದ್ದು. ಹಾಗಾಗಿ ಚುಕ್ಕೆ ಹೋಲಿಸುವ ಆಟಗಳನ್ನು ಕೊಂಡುತಂದು ಮಗುವನ್ನು ಕೂರಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಮಾತಿನ ವಿಷಯಕ್ಕೆ ಬಂದೆವು, ಇಲ್ಲಿ ಸ್ವಲ್ಪ ನಿಲ್ಲೋಣ. ಕನ್ನಡದ ಮಗುವಿಗೆ ಕನ್ನಡ ಮಾಡಿಕೊಡುವ ಅನುಕೂಲವೂ ಇದೆ, ಒಡ್ಡುವ ತೊಡಕೂ ಇದೆ. ‘ಇಪ್ಪತ್ತೊಂದು’ ಎಂದಾಗ ಮೊದಲು ಹತ್ತುಗಳು, ಆಮೇಲೆ ಬಿಡಿ. ಬರೆಯುವ ಕ್ರಮವೂ ಅದೇ. ‘ಹದಿನಾಲ್ಕು’ ಎಂಬಲ್ಲೂ ಹತ್ತು ಮುಂದೆ, ನಾಲ್ಕು ಹಿಂದೆ. ಇಂಗ್ಲಿಷಿನ ಫೋರ್ಟೀನ್‌ನಲ್ಲಿ ನಾಲ್ಕು ಮೊದಲು ಕೇಳಿಸುತ್ತದೆ, ಬರೆಯುವಾಗ ಒಂದು ಮೊದಲು. ಇಲೆವೆನ್, ಟ್ವೆಲ್ವ್ ಎಂಬ ಪದಗಳಲ್ಲಿ ಹತ್ತು ಎಲ್ಲಿದೆ ಎಂದು ಮಗುವಿಗೆ ಕೇಳಿಸುವುದೇ ಇಲ್ಲ. ಚೀನೀ ಭಾಷೆಯಲ್ಲಿ ಹನ್ನೊಂದಕ್ಕೆ ‘ಹತ್ತು-ಒಂದು’ ಎಂದೇ ಹೇಳುತ್ತಾರೆ. ಚೀನೀ ಮತ್ತು ಅಮೆರಿಕನ್ ಮಕ್ಕಳನ್ನು ಹೋಲಿಸಿದ ಅಧ್ಯಯನಗಳಲ್ಲಿ ಹತ್ತರವರೆಗಿನ ಎಣಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಹತ್ತು ದಾಟಿದ ಕೂಡಲೇ ಚೀನೀ ಮಕ್ಕಳು ಮುಂದೆ ಹೋದರು. ಪದದೊಳಗೆ ಹತ್ತು ಕಾಣಿಸುವುದು ಇಷ್ಟು ದೊಡ್ಡ ಸಹಾಯ. ಮಗಳು ಶಾಲೆಯಲ್ಲಿ ಇಂಗ್ಲಿಷಿನಲ್ಲೇ ಎಣಿಸುವುದನ್ನು ಕಲಿಯುತ್ತಿದ್ದರೆ, ಮನೆಯಲ್ಲಿ ಕನ್ನಡದಲ್ಲೂ ಎಣಿಸಿ ಎಂದು ನಾನು ಒತ್ತಿ ಹೇಳುತ್ತೇನೆ.

ತೊಡಕು ಯಾವುದು? ವಸ್ತುಗಳಿಗೆ ನಾವು ಎರಡು, ಮೂರು, ನಾಲ್ಕು ಎನ್ನುತ್ತೇವೆ. ಜನರಿಗೆ ಇಬ್ಬರು, ಮೂವರು, ನಾಲ್ವರು. ಎರಡು ಕುರ್ಚಿಗೂ ಇಬ್ಬರು ಮಕ್ಕಳಿಗೂ ಸಮಾನವಾದದ್ದು ‘ಎರಡುತನ’ ಎಂಬುದು ನಮಗೆ ಕಣ್ಣಿಗೆ ಕಟ್ಟಿದಂತಿದೆ. ನಾಲ್ಕರ ಮಗುವಿಗೆ ಅವು ಬೇರೆ ಬೇರೆ ಪದಗಳು. ‘ಮೂವರು ಇದ್ದೇವೆ, ಮೂರು ಚಮಚ ಬೇಕು’ ಎಂದು ಎರಡನ್ನೂ ಒಂದೇ ಮಾತಿನಲ್ಲಿ ಜೋಡಿಸಿ ಹೇಳಿದರೆ ಅದಕ್ಕೆ ದಾರಿ ಸಿಗುತ್ತದೆ. ಪುಟ್ಟ ಮಕ್ಕಳಿರುವ ಕನ್ನಡದ ಮನೆಗಳಲ್ಲಿ ಇಂಥದ್ದನ್ನು ಯಾರೂ ಬೇಕೆಂದು ಮಾಡುವುದಿಲ್ಲ, ಬಹಳ ಸಲ ತಾನಾಗಿ ಆಗಿಬಿಡುತ್ತದೆ. ಬೇಕೆಂದೇ ಮಾಡಿದರೆ ಇನ್ನೂ ಒಳ್ಳೆಯದು.

ಈಗ ಆಪ್ ವಿಷಯ. ಜ್ಞಾಪಕಶಕ್ತಿ, ಏಕಾಗ್ರತೆ ಎಂದು ನಿಮ್ಮ ಪರಿಚಯದವರು ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಐದು ಗುಂಡಿ ಕೊಡಲು ಮಗು ಏನೇನು ಮಾಡಬೇಕು ಎಂದು ಒಮ್ಮೆ ಬಿಡಿಸಿ ನೋಡಿ. ‘ಐದು’ ಎಂಬ ಗುರಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಪದಗಳ ಸರವನ್ನು ಒಂದೊಂದಾಗಿ ಬಿಡಿಸುತ್ತ ಬರಬೇಕು. ಪ್ರತಿ ಪದಕ್ಕೂ ಒಂದು ಗುಂಡಿ ಎತ್ತಬೇಕು. ಎತ್ತಿದ್ದು ಯಾವುದು, ಎತ್ತದೆ ಉಳಿದದ್ದು ಯಾವುದು ಎಂಬ ಪರಿವೆ ಇರಬೇಕು. ಎಲ್ಲಕ್ಕಿಂತ ಕಷ್ಟದ್ದೆಂದರೆ, ‘ಐದು’ ಎಂದ ಕೂಡಲೇ ನಿಲ್ಲಿಸಬೇಕು. ನೂರರವರೆಗೆ ನಿಲ್ಲದೆ ಓಡುವ ಅಭ್ಯಾಸವಾದ ನಾಲಿಗೆಯನ್ನು ಐದಕ್ಕೇ ಹಿಡಿದು ನಿಲ್ಲಿಸುವುದು ಚಿಕ್ಕ ಕೆಲಸವಲ್ಲ. ಹೀಗೆ ಒಂದು ವಿಷಯವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡೇ ಇನ್ನೊಂದು ಕೆಲಸ ಮಾಡುವ ಶಕ್ತಿಗೆ ವರ್ಕಿಂಗ್ ಮೆಮೊರಿ ಎನ್ನುತ್ತಾರೆ. ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ 1974ರಲ್ಲಿ ಕೊಟ್ಟ ಚಿತ್ರಣದಲ್ಲಿ ಅದಕ್ಕೆ ಮೂರು ಭಾಗ: ಕೇಳಿದ್ದನ್ನು ಹಿಡಿದಿಡುವುದು ಒಂದು, ಕಂಡದ್ದನ್ನೂ ಅದರ ಜಾಗವನ್ನೂ ಹಿಡಿದಿಡುವುದು ಇನ್ನೊಂದು, ಇವೆರಡನ್ನೂ ನಡೆಸುವ ಯಜಮಾನ ಮೂರನೆಯದು. ತಟಕ್ಕನೆ ಬರುವ ಪ್ರತಿಕ್ರಿಯೆಯನ್ನು ತಡೆಹಿಡಿಯುವುದು, ಒಂದು ನಿಯಮದಿಂದ ಇನ್ನೊಂದಕ್ಕೆ ಹೊರಳುವುದು ಆ ಯಜಮಾನನ ಕೆಲಸಗಳು. ‘ತಲೆ ಮುಟ್ಟು ಎಂದರೆ ಕಾಲು ಮುಟ್ಟಬೇಕು, ಕಾಲು ಎಂದರೆ ತಲೆ’ ಎಂಬ ಆಟ ನೋಡಿರುತ್ತೀರಿ. ಅಂಥ ಆಟವನ್ನೇ ಸಂಶೋಧಕರು ಅಳತೆಗೋಲಾಗಿ ಬಳಸಿದ್ದಾರೆ. ಅದರಲ್ಲಿ ಚೆನ್ನಾಗಿ ಮಾಡುವ ಮಕ್ಕಳು ಲೆಕ್ಕದಲ್ಲೂ ಸಾಮಾನ್ಯವಾಗಿ ಮುಂದಿರುತ್ತಾರೆ.

ಹಾಗಿದ್ದರೆ ಆ ಶಕ್ತಿಗೇ ತಾಲೀಮು ಕೊಟ್ಟರೆ ಲೆಕ್ಕ ಬರುತ್ತದಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಇಲ್ಲೇ ಎಡವುವುದು. ಮೋನಿಕಾ ಮೆಲ್ಬಿ-ಲೆರ್ವೊಗ್ ಮತ್ತು ಚಾರ್ಲ್ಸ್ ಹ್ಯೂಮ್ 2013ರಲ್ಲಿ ಇಂಥ ತರಬೇತಿಯ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ತರಬೇತಿ ಪಡೆದವರು ತರಬೇತಿಯ ಆಟದಲ್ಲಿ, ಅದನ್ನು ಹೋಲುವ ಆಟಗಳಲ್ಲಿ ಸುಧಾರಿಸಿದ್ದರು. ಲೆಕ್ಕಕ್ಕೆ ಆ ಲಾಭ ಹರಿದು ಬಂದಿರಲಿಲ್ಲ. ಆದ್ದರಿಂದ ಆ ಆಪ್‌ಗೆ ದುಡ್ಡು ಸುರಿಯಬೇಡಿ. ತಲೆಯ ಶಕ್ತಿ ಹೆಚ್ಚಿಸಲು ಹೋಗುವ ಬದಲು ಕೆಲಸದ ಹೊರೆ ಇಳಿಸಿ. ಒಂದು ತಟ್ಟೆ ಕೊಟ್ಟು ‘ಎಣಿಸಿದ ಗುಂಡಿ ಇದಕ್ಕೆ ಹಾಕು’ ಎಂದರೆ, ಎಣಿಸಿದ್ದು ಯಾವುದು ಎಣಿಸದ್ದು ಯಾವುದು ಎಂದು ತಲೆಯಲ್ಲಿ ಹೊರುವ ಭಾರ ತಟ್ಟೆಗೆ ಹೋಗುತ್ತದೆ. ನಡುನಡುವೆ ‘ನಮಗೆ ಎಷ್ಟು ಬೇಕಿತ್ತು?’ ಎಂದು ನೆನಪಿಸಿದರೆ ಗುರಿ ತಪ್ಪುವುದಿಲ್ಲ.

ಇನ್ನೊಂದು ಕಿವಿಮಾತು. ಮುಂದಿನ ಸಲ ಕೇಳಿದಾಗ ಉತ್ತರ ಸರಿಯೋ ತಪ್ಪೋ ಎಂಬುದಕ್ಕಿಂತ ಅವಳ ಕೈಯನ್ನು ನೋಡಿ. ಎಣಿಸದೆ ಹಿಡಿ ತುಂಬ ಬಾಚಿದರೆ, ಎಣಿಕೆಯಿಂದ ಐದು ಸಿಗುತ್ತದೆ ಎಂಬುದೇ ಅವಳಿಗಿನ್ನೂ ಹೊಳೆದಿಲ್ಲ. ಒಂದೊಂದೇ ಎಣಿಸುತ್ತ ಎತ್ತಿ, ಐದು ದಾಟಿ ಏಳಕ್ಕೋ ಎಂಟಕ್ಕೋ ಹೋಗಿಬಿಟ್ಟರೆ ತಿಳಿವಳಿಕೆ ಬಂದಿದೆ, ನಿಲ್ಲಿಸುವುದು ಬಂದಿಲ್ಲ. ಎರಡು ಗುಂಡಿ ಎತ್ತಿ ಒಂದೇ ಪದ ಹೇಳಿದರೆ ಕೈಗೂ ನಾಲಿಗೆಗೂ ತಾಳ ತಪ್ಪಿದೆ, ನಿಧಾನ ಮಾಡಿಸಿದರೆ ಸರಿಹೋಗುತ್ತದೆ. ಮೂರೂ ತಪ್ಪುಗಳೇ, ಮೂರಕ್ಕೂ ಮದ್ದು ಬೇರೆ. ಇವನ್ನು ಒಟ್ಟು ಸೇರಿಸಿ ‘ಲೆಕ್ಕದಲ್ಲಿ ವೀಕ್’ ಎಂದು ಹಣೆಪಟ್ಟಿ ಹಚ್ಚುವುದನ್ನು ಕಂಡಾಗೆಲ್ಲ ನನಗೆ ಸಂಕಟವಾಗುತ್ತದೆ.

‘ಇದು ಐದಾ?’ ಎಂದು ನೀವು ಕೇಳಿದ ಪ್ರಶ್ನೆಯ ಬಗ್ಗೆಯೂ ಒಂದು ಮಾತು. ಮಕ್ಕಳ ಯೋಚನೆ ಬೆಳೆಯುವ ಬಗೆಯನ್ನು ಅಧ್ಯಯನ ಮಾಡಿದ ಸ್ವಿಸ್ ಮನೋವಿಜ್ಞಾನಿ ಜೀನ್ ಪಿಯಾಜೆ ಎರಡು ಸಾಲುಗಳಲ್ಲಿ ಸಮ ಸಂಖ್ಯೆಯ ಬಿಲ್ಲೆಗಳನ್ನಿಟ್ಟು, ಒಂದು ಸಾಲನ್ನು ಮಗುವಿನ ಎದುರಿಗೇ ಅಗಲಿಸಿ, ‘ಈಗ ಎರಡರಲ್ಲೂ ಅಷ್ಟೇ ಇವೆಯಾ?’ ಎಂದು ಕೇಳುತ್ತಿದ್ದರು. ಆರೇಳು ವರ್ಷಕ್ಕಿಂತ ಚಿಕ್ಕ ಮಕ್ಕಳು ಉದ್ದನೆಯ ಸಾಲಿನಲ್ಲೇ ಹೆಚ್ಚಿವೆ ಎನ್ನುತ್ತಿದ್ದರು. 1974ರಲ್ಲಿ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಇದನ್ನೇ ಸ್ವಲ್ಪ ಬದಲಿಸಿದರು. ದೊಡ್ಡವರ ಬದಲು ತುಂಟ ಕರಡಿ ಗೊಂಬೆಯೊಂದು ನುಗ್ಗಿ ಬಂದು ಸಾಲನ್ನು ಚೆಲ್ಲಾಪಿಲ್ಲಿ ಮಾಡಿತು. ಆಗ ಬಹಳಷ್ಟು ಮಕ್ಕಳು ‘ಅಷ್ಟೇ ಇವೆ’ ಎಂದು ಸರಿಯಾಗಿ ಹೇಳಿದರು. ದೊಡ್ಡವರು ಬೇಕೆಂದೇ ಏನನ್ನೋ ಬದಲಿಸಿ ಮತ್ತೆ ಕೇಳಿದರೆ, ಅವರಿಗೆ ಬೇರೆ ಉತ್ತರ ಬೇಕಾಗಿದೆ ಎಂದು ಮಗು ಊಹಿಸುತ್ತದೆ ಎಂಬುದು ಅವರ ವಿವರಣೆ. ಮಗು ನಮ್ಮ ಪ್ರಶ್ನೆಯನ್ನಷ್ಟೇ ಅಲ್ಲ, ನಮ್ಮ ಮುಖವನ್ನೂ ಓದುತ್ತಿರುತ್ತದೆ. ನಿಮ್ಮ ಮಗಳ ‘ಹೂಂ’ನಲ್ಲಿ ‘ಅಮ್ಮನಿಗೆ ಹೂಂ ಬೇಕೇನೋ’ ಎಂಬುದೂ ಒಂದಿಷ್ಟು ಇದ್ದೀತು. ‘ಬಾ, ಎಣಿಸಿ ನೋಡೋಣ’ ಎಂದಿದ್ದರೆ ಅವಳ ಮನಸ್ಸು ನಿಮ್ಮ ಮುಖ ಬಿಟ್ಟು ಗುಂಡಿಗಳ ಕಡೆ ತಿರುಗುತ್ತಿತ್ತು.

ಜಾಗದ ಅರಿವು, ಅಂದರೆ ಯಾವುದು ಎಲ್ಲಿದೆ, ಎಷ್ಟು ದೂರದಲ್ಲಿದೆ ಎಂಬ ಅರಿವು, ಲೆಕ್ಕಕ್ಕೆ ಎಷ್ಟು ಹತ್ತಿರದ್ದು ಎಂಬುದು ಹಲವರಿಗೆ ಹೊಸ ಸಂಗತಿ. ಸೊನ್ನೆಯಿಂದ ನೂರರವರೆಗಿನ ಖಾಲಿ ಗೆರೆಯೊಂದರ ಮೇಲೆ ‘ಹತ್ತು ಎಲ್ಲಿದೆ ತೋರಿಸು’ ಎಂದು ಐದಾರು ವರ್ಷದ ಮಗುವನ್ನು ಕೇಳಿ. ಅದು ಹತ್ತನ್ನು ಗೆರೆಯ ಬಹುದೂರಕ್ಕೆ, ಹೆಚ್ಚುಕಡಿಮೆ ನಡುವಿನ ಹತ್ತಿರಕ್ಕೆ ಒಯ್ಯಬಹುದು. ಚಿಕ್ಕ ಸಂಖ್ಯೆಗಳು ವಿಶಾಲವಾಗಿ ಹರಡಿಕೊಂಡಿರುತ್ತವೆ, ದೊಡ್ಡವೆಲ್ಲ ಕೊನೆಯಲ್ಲಿ ಒತ್ತಿಕೊಂಡು ಕೂತಿರುತ್ತವೆ. ರಾಬರ್ಟ್ ಸೀಗ್ಲರ್ ಮತ್ತು ಜೂಲಿ ಬೂತ್ 2004ರಲ್ಲಿ ತೋರಿಸಿದಂತೆ, ಎರಡನೇ ತರಗತಿಯ ಹೊತ್ತಿಗೆ ಈ ಗೆರೆಯ ಮೇಲೆ ಸಂಖ್ಯೆಗಳ ನಡುವಿನ ಅಂತರ ಸಮವಾಗುತ್ತ ಬರುತ್ತದೆ. ಗೆರೆ ಸಮವಾದ ಮಕ್ಕಳಿಗೆ ಕೂಡುವುದು ಕಳೆಯುವುದು ಸುಲಭ.

ಇದನ್ನು ಸಮಗೊಳಿಸಲು ಸಿಕ್ಕ ಒಳ್ಳೆಯ ಉಪಾಯಗಳಲ್ಲೊಂದು ಮಹಾ ಸರಳವಾದದ್ದು. ಗೀತಾ ರಮಣಿ ಮತ್ತು ಸೀಗ್ಲರ್ 2008ರಲ್ಲಿ ಬಡ ಕುಟುಂಬಗಳ ಪುಟ್ಟ ಮಕ್ಕಳಿಗೆ 1ರಿಂದ 10ರವರೆಗಿನ ಮನೆಗಳು ಒಂದೇ ಸಾಲಿನಲ್ಲಿರುವ ಹಲಗೆಯ ಆಟ ಆಡಿಸಿದರು. ಎರಡು ವಾರಗಳಲ್ಲಿ ನಾಲ್ಕು ಸಲ, ಸಲಕ್ಕೆ ಹದಿನೈದು ಇಪ್ಪತ್ತು ನಿಮಿಷ. ಎಣಿಕೆ, ಅಂಕಿ ಗುರುತಿಸುವುದು, ಯಾವುದು ದೊಡ್ಡದು ಎಂದು ಹೇಳುವುದು, ಗೆರೆಯ ಮೇಲೆ ಸಂಖ್ಯೆ ತೋರಿಸುವುದು, ಎಲ್ಲದರಲ್ಲೂ ಮಕ್ಕಳು ಮುಂದೆ ಬಂದರು. ಒಂಬತ್ತು ವಾರಗಳ ಮೇಲೂ ಆ ಲಾಭ ಉಳಿದಿತ್ತು. ಅಂಕಿಗಳ ಬದಲು ಬಣ್ಣಗಳಿದ್ದ ಅದೇ ಹಲಗೆಯಲ್ಲಿ ಆಡಿದವರಿಗೆ ಆ ಲಾಭ ಸಿಗಲಿಲ್ಲ. ಕಾಗದದ ಮೇಲೆ ಹತ್ತು ಮನೆ ಬರೆದು ನೀವೇ ಇದನ್ನು ಮಾಡಿಕೊಳ್ಳಬಹುದು. ಒಂದೇ ಒಂದು ಗುಟ್ಟು ಮರೆಯಬೇಡಿ: ಕಾಯಿ ಮೂರರ ಮನೆಯಲ್ಲಿದ್ದು ಎರಡು ಬಿದ್ದರೆ ‘ಒಂದು, ಎರಡು’ ಎಂದು ನಡೆಸಬಾರದು, ‘ನಾಲ್ಕು, ಐದು’ ಎಂದು ಮನೆಯ ಅಂಕಿ ಹೇಳುತ್ತ ನಡೆಸಬೇಕು. ನೂರು ಮನೆಗಳ ಹಲಗೆಯಲ್ಲಿ ಮುಂದೆ ಮಾಡಿದ ಅಧ್ಯಯನವೊಂದರಲ್ಲಿ ಪ್ರತಿ ಸಲ ಒಂದರಿಂದ ಎಣಿಸಿದ ಮಕ್ಕಳಿಗೆ ಅಷ್ಟು ಪ್ರಯೋಜನವಾಗಲಿಲ್ಲ. ಹೀಗೆ ನಡೆಸಿದಾಗ ಮೂರಕ್ಕೆ ಎರಡು ಸೇರಿದರೆ ಐದು ಎಂಬುದು ಮಗುವಿನ ಕೈಗೂ ಕಣ್ಣಿಗೂ ಕಿವಿಗೂ ಒಟ್ಟಿಗೆ ತಟ್ಟುತ್ತದೆ.

ಚಿತ್ರ ಜೋಡಿಸುವ ಪಜಲ್, ಮರದ ತುಂಡುಗಳಿಂದ ಕಟ್ಟುವ ಆಟ, ಮೇಲೆ ಕೆಳಗೆ ಒಳಗೆ ಪಕ್ಕದಲ್ಲಿ ಎಂಬ ಮಾತುಗಳು, ಇವೂ ಈ ಅರಿವನ್ನೇ ಪೋಷಿಸುತ್ತವೆ. ಆಕಾರವನ್ನು ಮನಸ್ಸಿನಲ್ಲೇ ತಿರುಗಿಸುವ ತರಬೇತಿಯಿಂದ ನೇರವಾಗಿ ಲೆಕ್ಕ ಸುಧಾರಿಸಿತು ಎಂದು 2014ರ ಒಂದು ಅಧ್ಯಯನ ಹೇಳಿತು. ಮರುವರ್ಷ ಬಂದ ಇನ್ನೊಂದರಲ್ಲಿ ಹಾಗೆ ಕಾಣಲಿಲ್ಲ. ಅವಳಿಗೆ ಖುಷಿಯಾದರೆ ಆಡಲಿ, ಅಂಕ ಬರುತ್ತದೆಂದು ಆಡಿಸುವುದು ಬೇಡ. ಕೆಂಪು-ನೀಲಿ-ನೀಲಿ, ಕೆಂಪು-ನೀಲಿ-ನೀಲಿ ಎಂದು ಮಣಿ ಪೋಣಿಸಿ ಮುಂದಿನದು ಯಾವುದೆಂದು ಕೇಳುವ ಆಟವೂ ಒಳ್ಳೆಯದೇ.

ಹಾಗಾದರೆ ದಿನನಿತ್ಯ ಮಾಡಬೇಕಾದ್ದೇನು? ಮಾತಾಡಬೇಕು. ಸೂಸನ್ ಲೆವಿನ್ ಮತ್ತು ಸಂಗಡಿಗರು 14 ತಿಂಗಳಿಂದ 30 ತಿಂಗಳವರೆಗಿನ ಮಕ್ಕಳ ಮನೆಗಳಲ್ಲಿ ತಂದೆ ತಾಯಿಯರ ಮಾತನ್ನು ದಾಖಲಿಸಿಕೊಂಡರು. ಸಂಖ್ಯೆಗಳ ಮಾತು ಹೆಚ್ಚಿದ್ದ ಮನೆಗಳ ಮಕ್ಕಳು 46 ತಿಂಗಳಾಗುವ ಹೊತ್ತಿಗೆ ಸಂಖ್ಯೆಯ ಅರ್ಥದಲ್ಲಿ ಮುಂದಿದ್ದರು. ಇದು 2010ರ ಮಾತು. ಮರುವರ್ಷ ಇದನ್ನೇ ಇನ್ನೂ ಕೆದಕಿ ನೋಡಿದಾಗ, ಸುಮ್ಮನೆ ಸಂಖ್ಯೆ ಹೇಳುವುದಕ್ಕಿಂತ ಕಣ್ಣೆದುರಿಗಿರುವ ವಸ್ತುಗಳನ್ನು ಎಣಿಸಿ ಹೇಳಿದ ಮಾತು, ಅದರಲ್ಲೂ ನಾಲ್ಕರಿಂದ ಹತ್ತರವರೆಗಿನ ಗುಂಪುಗಳ ಮಾತು ಹೆಚ್ಚು ಫಲ ಕೊಟ್ಟಿತ್ತು. ನಾವು ಮಕ್ಕಳೊಂದಿಗೆ ಸಾಮಾನ್ಯವಾಗಿ ಒಂದು, ಎರಡು, ಮೂರಕ್ಕೇ ನಿಂತುಬಿಡುತ್ತೇವೆ. ಹೇಳುವ ರೀತಿಯಲ್ಲೂ ವ್ಯತ್ಯಾಸವಿದೆ. ಕೆಲ್ಲಿ ಮಿಕ್ಸ್ ಮತ್ತು ಸಂಗಡಿಗರು 2012ರಲ್ಲಿ ಬೇರೆ ಬೇರೆ ವಿಧಾನಗಳನ್ನು ಹೋಲಿಸಿ ನೋಡಿದಾಗ ಗೆದ್ದದ್ದು ಮೊದಲು ಒಟ್ಟು ಹೇಳಿ, ಕೂಡಲೇ ಎಣಿಸಿ ತೋರಿಸುವ ವಿಧಾನ: ‘ನೋಡು, ನಾಲ್ಕು ಗುಂಡಿ. ಒಂದು, ಎರಡು, ಮೂರು, ನಾಲ್ಕು.’ ಬರೀ ಎಣಿಸುವುದಾಗಲಿ, ಬರೀ ‘ನಾಲ್ಕು’ ಎಂದು ಹೇಳುವುದಾಗಲಿ ಆ ಕೆಲಸ ಮಾಡಲಿಲ್ಲ. ರಾಶಿಗೂ ಸರಕ್ಕೂ ಗಂಟು ಬೀಳಬೇಕು ಎಂದೆನಲ್ಲ, ಈ ಎರಡು ಮಾತು ಒಂದರ ಬೆನ್ನಿಗೆ ಒಂದು ಬಂದಾಗ ಬೀಳುವುದು ಅದೇ ಗಂಟು.

ಬೆರಳಿನ ವಿಷಯದಲ್ಲಿ ನಾನು ಶಾಲೆಯ ಮಾತನ್ನು ಒಪ್ಪುವುದಿಲ್ಲ. ನಾಲ್ಕೈದು ವರ್ಷದ ಮಗುವಿಗೆ ಬೆರಳು ಊರುಗೋಲಲ್ಲ, ಏಣಿ. ಐದು ಎಂಬುದನ್ನು ಮರೆಯದೆ ಹಿಡಿದಿಡುವ ಭಾರವನ್ನು ಅಂಗೈ ಹೊತ್ತುಕೊಳ್ಳುತ್ತದೆ. ನ್ಯಾನ್ಸಿ ಜೋರ್ಡನ್ ಮತ್ತು ಸಂಗಡಿಗರು ಮಕ್ಕಳನ್ನು ವರ್ಷಗಳ ಕಾಲ ಗಮನಿಸಿ 2008ರಲ್ಲಿ ತಿಳಿಸಿದಂತೆ, ಶಿಶುವಿಹಾರದಲ್ಲಿ ಬೆರಳು ಬಳಸುವ ಮಕ್ಕಳ ಉತ್ತರಗಳೇ ಹೆಚ್ಚು ಸರಿಯಿದ್ದವು. ಎರಡನೇ ತರಗತಿ ಮುಗಿಯುವ ಹೊತ್ತಿಗೆ ಆ ನಂಟು ಕರಗಿ ತುಸು ತಿರುವುಮುರುವಾಗಿತ್ತು. ಅಂದರೆ ಚಿಕ್ಕಂದಿನಲ್ಲಿ ಬೆರಳು ಬಳಸಿದವರೇ ಕ್ರಮೇಣ ಅದನ್ನು ಬಿಟ್ಟು ಮುಂದೆ ಹೋಗುತ್ತಾರೆ. ಕೂಡುವ ಲೆಕ್ಕದಲ್ಲಿ ಮಗು ಮೊದಲು ಎರಡೂ ಕೈಯ ಬೆರಳುಗಳನ್ನೆಲ್ಲ ಒಂದರಿಂದ ಎಣಿಸುತ್ತದೆ, ಆಮೇಲೆ ದೊಡ್ಡ ಸಂಖ್ಯೆಯಿಂದ ಮುಂದಕ್ಕೆ ಎಣಿಸುತ್ತದೆ, ಕೊನೆಗೆ ಉತ್ತರವೇ ನೆನಪಿನಲ್ಲಿ ನಿಲ್ಲುತ್ತದೆ. ಏಣಿ ಕಿತ್ತುಕೊಂಡರೆ ಮಗು ಬೆಂಚಿನ ಕೆಳಗೆ ಕೈ ಅಡಗಿಸಿ ಎಣಿಸಲು ಕಲಿಯುತ್ತದೆ, ಇಲ್ಲವೇ ಊಹೆ ಮಾಡಿ ಹೇಳುವುದನ್ನು ಕಲಿಯುತ್ತದೆ. ಶಿಕ್ಷಕಿಯ ಹತ್ತಿರ ಜಗಳವಾಡದೆ ಇಷ್ಟನ್ನು ಸಮಾಧಾನದಿಂದ ಹೇಳಿ ನೋಡಿ.

ಇದು ಕಲಿಕೆಯ ತೊಂದರೆ ಇರಬಹುದೇ ಎಂಬ ಭಯ ನಿಮ್ಮ ಪತ್ರದ ಸಾಲುಗಳ ನಡುವೆ ಕಂಡಿತು. ಲೆಕ್ಕದ ನಿರ್ದಿಷ್ಟ ಕಲಿಕಾ ತೊಂದರೆಗೆ ಡಿಸ್‌ಕ್ಯಾಲ್ಕ್ಯುಲಿಯಾ ಎನ್ನುತ್ತಾರೆ. ಸಾಮಾನ್ಯವಾಗಿ ಹೇಳುವ ಅಂದಾಜಿನಂತೆ ನೂರರಲ್ಲಿ ಮೂರರಿಂದ ಏಳು ಮಕ್ಕಳಿಗೆ ಅದಿರುತ್ತದೆ. ಅದನ್ನು ನಾಲ್ಕನೇ ವರ್ಷಕ್ಕೆ ನಿರ್ಧರಿಸುವುದಿಲ್ಲ. ಶಾಲೆಯಲ್ಲಿ ಸರಿಯಾಗಿ ಹೇಳಿಕೊಟ್ಟು, ಕಡಿಮೆಯೆಂದರೆ ಆರು ತಿಂಗಳು ವಿಶೇಷ ಗಮನ ಕೊಟ್ಟ ಮೇಲೂ ತೊಂದರೆ ಹಾಗೇ ಉಳಿದರೆ ಮಾತ್ರ ಆ ಮಾತು. ಐದು ವರ್ಷ ದಾಟಿ ಕೆಲವು ತಿಂಗಳಾದ ಮೇಲೂ ಅವಳು ಮೂರಕ್ಕೇ ನಿಂತಿದ್ದರೆ, ಅಥವಾ ಮಾತು, ಗಮನ, ಆಟ ಇವೂ ಜೊತೆಗೆ ಹಿಂದುಳಿದಂತೆ ಕಂಡರೆ, ಮಕ್ಕಳ ಬೆಳವಣಿಗೆಯ ತಜ್ಞರಿಗೆ ತೋರಿಸಿ. ಕಣ್ಣು ಮತ್ತು ಕಿವಿಯ ಪರೀಕ್ಷೆ ಮಾತ್ರ ಈಗಲೇ ಮಾಡಿಸಿದರೂ ತಪ್ಪಿಲ್ಲ.

ಕೊನೆಯದಾಗಿ ನಿಮ್ಮ ಹೊಟ್ಟೆನೋವು. ಸಾಮರ್ಥ್ಯದಲ್ಲಿ ಅನುವಂಶೀಯತೆಯ ಪಾಲು ಇದೆ. ಅದು ಹಣೆಬರಹವಲ್ಲ. ಭಯ ಪೋಷಕರಿಂದ ಮಕ್ಕಳಿಗೆ ದಾಟುವ ದಾರಿಯಂತೂ ಬೇರೆಯೇ. ಎರಿನ್ ಮಲೋನಿ, ಸಿಯಾನ್ ಬೈಲಾಕ್ ಮತ್ತು ಸಂಗಡಿಗರು 2015ರಲ್ಲಿ ಒಂದನೇ, ಎರಡನೇ ತರಗತಿಯ ಮಕ್ಕಳನ್ನೂ ಅವರ ಪೋಷಕರನ್ನೂ ಅಧ್ಯಯನ ಮಾಡಿದರು. ಲೆಕ್ಕದ ಭಯವಿದ್ದ ಪೋಷಕರ ಮಕ್ಕಳು ಆ ವರ್ಷ ಕಡಿಮೆ ಕಲಿತಿದ್ದರು, ಅವರ ಭಯವೂ ಹೆಚ್ಚಿತ್ತು. ಆದರೆ ಹೀಗಾದದ್ದು ಆ ಪೋಷಕರು ಮಕ್ಕಳ ಹೋಂವರ್ಕ್‌ನಲ್ಲಿ ಮೇಲಿಂದ ಮೇಲೆ ಕೈಹಾಕಿದ ಮನೆಗಳಲ್ಲಿ ಮಾತ್ರ. ಅಂಥ ಸಹಾಯ ಕಡಿಮೆಯಿದ್ದ ಕಡೆ ಭಯ ಮಕ್ಕಳಿಗೆ ಅಂಟಿರಲಿಲ್ಲ. ಭಯ ರಕ್ತದಲ್ಲಿ ಹರಿಯುವುದಕ್ಕಿಂತ ಪುಸ್ತಕದ ಮುಂದೆ ಕೂತಾಗಿನ ಬಿಗಿದ ದನಿಯಲ್ಲಿ, ‘ಇಷ್ಟೂ ಬರೋದಿಲ್ವಾ?’ ಎಂಬ ಮಾತಿನಲ್ಲಿ ಹರಿಯುತ್ತದೆ. ನಿಮಗೆ ಪಾಠ ಹೇಳಿಕೊಡುವುದೆಂದರೆ ಎದೆ ಬಡಿದುಕೊಳ್ಳುವುದಾದರೆ, ಪಾಠ ಹೇಳಿಕೊಡಬೇಡಿ. ಹಲಗೆಯ ಆಟ ಆಡಿ, ಮೆಟ್ಟಿಲು ಹತ್ತುವಾಗ ಎಣಿಸಿ, ಒಗೆದ ಕಾಲುಚೀಲಗಳನ್ನು ಜೋಡಿ ಮಾಡಿ. ‘ನನಗೂ ಲೆಕ್ಕ ಬರ್ತಿರಲಿಲ್ಲ’ ಎಂಬ ಮಾತನ್ನು ಅವಳ ಕಿವಿಗೆ ಬೀಳದಂತೆ ಇಟ್ಟುಕೊಳ್ಳಿ. ನೂರರವರೆಗೆ ಹೇಳಿಸಿ ತೋರಿಸುವುದನ್ನೂ ಕೆಲವು ತಿಂಗಳು ನಿಲ್ಲಿಸಿ.

ಐದನ್ನು ಸದ್ಯಕ್ಕೆ ಬದಿಗಿಡಿ. ಅವಳಿಗೆ ಮೂರು ಬರುತ್ತದೆ, ನಾಲ್ಕರಿಂದ ಶುರುಮಾಡಿ. ಅವಳೇ ಮೂರು ಗುಂಡಿ ಕೊಡಲಿ, ಇನ್ನೊಂದನ್ನು ನೀವು ಪಕ್ಕಕ್ಕೆ ಸರಿಸಿ ‘ಈಗ ನಾಲ್ಕಾಯಿತು’ ಎನ್ನಿ, ಇಬ್ಬರೂ ಸೇರಿ ಎಣಿಸಿ. ದಿನಕ್ಕೆ ಎರಡು ಮೂರು ನಿಮಿಷ, ಅವಳಿಗೆ ಬೇಸರವಾಗುವ ಮೊದಲೇ ಡಬ್ಬಿ ಮುಚ್ಚಿಬಿಡಿ. ಆರು ವಾರ ಕಳೆದ ಮೇಲೆ ಮತ್ತೆ ಬರೆಯಿರಿ. ಎಷ್ಟು ಗುಂಡಿ ಕೊಟ್ಟಳು ಎಂಬುದರ ಜೊತೆಗೆ, ಕೊಡುವಾಗ ಅವಳ ಕೈ ಏನು ಮಾಡುತ್ತಿತ್ತು ಎಂಬುದನ್ನೂ ತಿಳಿಸಿ.